ಅಜ್ಜಿಯ ಕಂಬದ ಸುಣ್ಣ, ಕಣ್ಣಿಗೆ ಕಾಣದ ಮೇಸ್ತ್ರಿಗಳು

ಕಲ್ಲನ್ನು ನೆಕ್ಕಿ ನೋಡುವುದು ಭೂವಿಜ್ಞಾನದವರ ಹಳೆಯ ಚಾಳಿ. ಒದ್ದೆಯಾದ ಕಲ್ಲಿನಲ್ಲಿ ಬಣ್ಣ, ಗೆರೆ, ಕಣ ಎಲ್ಲ ಎದ್ದು ಕಾಣುತ್ತವೆ. ಹತ್ತಿರ ನೀರಿಲ್ಲದಾಗ ನಾಲಿಗೆಯೇ ಗತಿ. ನಾನೂ ಬೇಕಾದಷ್ಟು ನೆಕ್ಕಿದ್ದೇನೆ, ಹೊಟ್ಟೆಗೆ ಏನೂ ಆಗಿಲ್ಲ. ಆದರೆ ನಮ್ಮ ಮೇಷ್ಟ್ರು ನೆಕ್ಕಿದ ಒಂದು ಕಲ್ಲಿನ ಕತೆ ಹೇಳದೆ ಹೋದರೆ ನನಗೆ ಗೋರಿಯಲ್ಲೂ ನಿದ್ದೆ ಬರುವುದಿಲ್ಲ. ಏಕೆಂದರೆ ಆ ಕಲ್ಲನ್ನು ಅವರ ಕೈಗೆ ಕೊಟ್ಟವಳು ನಾನು.

ಅರವತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಭದ್ರಾವತಿಯ ಜನ್ನಾಪುರದಲ್ಲಿ, ನನ್ನ ಕಾಲೇಜು ಶಿವಮೊಗ್ಗದಲ್ಲಿ. ಬೆಳಿಗ್ಗೆ ರೈಲು, ಸಂಜೆ ರೈಲು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಅಮ್ಮ ನಾನು ಐದು ವರ್ಷದವಳಿದ್ದಾಗಲೇ ತೀರಿಕೊಂಡಿದ್ದರಿಂದ ಮನೆ ಎಂಬುದು ಅಪ್ಪನ ತಾಯಿಯ ರಾಜ್ಯ. ಮನೆಮಾತು ದಖನಿ, ಇಲ್ಲಿ ಅಜ್ಜಿಯ ಮಾತನ್ನೆಲ್ಲ ಕನ್ನಡಕ್ಕೆ ತಂದಿದ್ದೇನೆ, ಬೈಗುಳವನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ. ಬೈಗುಳವನ್ನು ಅನುವಾದ ಮಾಡಿದರೆ ಅದರ ಉಪ್ಪು ಹೋಗಿಬಿಡುತ್ತದೆ.

ನಾನು ಭೂವಿಜ್ಞಾನ ತೆಗೆದುಕೊಂಡದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಸಸ್ಯಶಾಸ್ತ್ರಕ್ಕೆ ಸೀಟು ಮುಗಿದಿತ್ತು, ಇಲ್ಲಿ ಬೆಂಚು ಖಾಲಿ ಇತ್ತು. ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಹುಡುಗರು ನನ್ನನ್ನು ಮಾತನಾಡಿಸುತ್ತಿರಲಿಲ್ಲ, ನನ್ನ ನೋಟ್ಸ್ ಮಾತ್ರ ತೆಗೆದುಕೊಂಡು ಹೋಗುತ್ತಿದ್ದರು.

ಅಪ್ಪ ಒಂದು ಕರಾರು ಹಾಕಿದ್ದ. ಒಂದೇ ಒಂದು ವಿಷಯದಲ್ಲಿ ಡುಮ್ಕಿ ಹೊಡೆದರೂ ಕಾಲೇಜು ಬಂದ್, ಮದುವೆ. ಹುಡುಗನೂ ಸಿದ್ಧನಿದ್ದ. ಆಯನೂರಿನ ಸೈಕಲ್ ಅಂಗಡಿಯವರ ಮಗ. ಅವನನ್ನು ನಾನು ನೋಡಿರಲಿಲ್ಲ, ಹಾಗಾಗಿ ಅವನ ಮೇಲೆ ನನಗೆ ಸಿಟ್ಟೂ ಇರಲಿಲ್ಲ. ಪಾಪ, ಅವನೂ ನನ್ನ ಹಾಗೆಯೇ ಯಾರದೋ ಮಾತಿನ ಮಧ್ಯೆ ಸಿಕ್ಕಿಕೊಂಡಿದ್ದ. ಆ ಸಂಬಂಧ ತಂದವಳು ಅಜ್ಜಿ. ಅಪ್ಪನ ಕರಾರಿಗೆ ಹೂಂ ಅಂದವಳೂ ಅವಳೇ.

ಇನ್ನು ಮೇಷ್ಟ್ರು. ತೆಳ್ಳಗೆ, ಉದ್ದಕ್ಕೆ, ಸದಾ ಬಾಯಲ್ಲಿ ಎಲೆ ಅಡಿಕೆ. ಮನೆಯಲ್ಲಿ ಮಡಿ ಹುಡಿ ಜೋರಂತೆ. ಅದರ ಭಾರ ಕಾಲೇಜಿಗೆ ಬರುವಾಗ ಅವರ ಹೆಗಲ ಮೇಲೆ ಕಾಣುತ್ತಿರಲಿಲ್ಲ. ಅವರ ಹತ್ತಿರ ಒಂದು ಕಲ್ಲಿತ್ತು. ಅದನ್ನು ರೇಷ್ಮೆ ಚಿಂದಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದರು. ಒಂದು ದಿನ ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಎಲೆಕೋಸನ್ನು ಅರ್ಧಕ್ಕೆ ಕೊಯ್ದಂತೆ ಪದರ ಪದರ. ಬಿಳಿ, ಬೂದು, ಮತ್ತೆ ಬಿಳಿ. ಎಲ್ಲವೂ ಮೇಲಕ್ಕೆ ಉಬ್ಬಿಕೊಂಡಿದ್ದವು.

"ಇದನ್ನ ಕಟ್ಟಿದ್ದು ಯಾರು?" ಎಂದರು.

ನಾವು ಬೆಂಕಿ, ನೀರು, ಒತ್ತಡ ಅಂತೆಲ್ಲ ಹೇಳಿದೆವು.

"ಜೀವಾಣು," ಎಂದರು. "ಕಣ್ಣಿಗೆ ಕಾಣಲ್ಲ. ಕೈಯಿಲ್ಲ, ಕಾಲಿಲ್ಲ, ಬಾಯೂ ಇಲ್ಲ."

ಹಿಂದಿನ ಬೆಂಚಿನಿಂದ ಒಬ್ಬ, "ಹಾಗಾದ್ರೆ ಮೇಸ್ತ್ರಿ ಯಾರು ಸಾರ್?" ಎಂದ. ಇಡೀ ತರಗತಿ ನಕ್ಕಿತು. ಮೇಷ್ಟ್ರಿಗೂ ನಗು ಬಂತು.

ಆಮೇಲೆ ಬೋರ್ಡಿನ ಮೇಲೆ ಒಂದು ಕೊಲ್ಲಿ ಬರೆದರು. ಆಸ್ಟ್ರೇಲಿಯಾದ ಕಡಲ ದಂಡೆಯಲ್ಲಿ ಇಂಥ ಒಂದು ಜಾಗವಿದೆ, ಮೊಣಕಾಲುದ್ದ ನೀರು, ಸಮುದ್ರಕ್ಕಿಂತ ಎರಡು ಪಟ್ಟು ಉಪ್ಪು, ಅಲ್ಲಿ ಈ ಕಲ್ಲುಗಳು ಈಗಲೂ ಬೆಳೆಯುತ್ತಿವೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದರಂತೆ. ಆ ಜೀವಾಣುಗಳು ನೀರಿನ ತಳದಲ್ಲಿ ಲೋಳೆಯ ಚಾಪೆಯ ಹಾಗೆ ಹರಡಿಕೊಳ್ಳುತ್ತವೆ. ಬಚ್ಚಲ ಕಲ್ಲಿನ ಪಾಚಿ ನೆನೆಸಿಕೊಳ್ಳಿ, ಸಾಕು. ಅಲೆ ತಂದ ಸಣ್ಣ ಮರಳು, ಸುಣ್ಣದ ಕಣ ಆ ಲೋಳೆಗೆ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಕರಗಿದ ಸುಣ್ಣವೂ ಅಲ್ಲೇ ಗಟ್ಟಿಯಾಗುತ್ತದೆ. ಮೈಮೇಲೆ ಧೂಳು ಬಿದ್ದರೆ ಬಿಸಿಲು ಕಾಣುವುದಿಲ್ಲ, ಬಿಸಿಲಿಲ್ಲದೆ ಅವಕ್ಕೆ ಊಟವಿಲ್ಲ. ಹಾಗಾಗಿ ಆ ಧೂಳನ್ನು ದಾಟಿ ಮೇಲಕ್ಕೆ ತೆವಳಿ ಹೊಸ ಚಾಪೆ ಹಾಸುತ್ತವೆ. ಕೆಳಗೆ ಬಿಟ್ಟದ್ದು ಕಲ್ಲಾಗುತ್ತದೆ. ಒಂದೊಂದು ಪದರ ಕಾಗದದಷ್ಟು ತೆಳು.

"ಬೇರೆ ಕಡೆ ಯಾಕೆ ಇಲ್ಲ ಸಾರ್?" ಎಂದು ನಾನು ಕೇಳಿದೆ.

"ಬಸವನಹುಳು," ಎಂದರು. "ಬೇರೆ ಕಡೆ ಅದು ಬಂದು ಮೇದುಬಿಡುತ್ತೆ ಮಾರಾಯ್ತಿ. ಆ ಕೊಲ್ಲೀಲಿ ಉಪ್ಪು ಜಾಸ್ತಿ, ಬಸವನಹುಳಕ್ಕೆ ಆಗಲ್ಲ. ಮೊದಲ ಕಾಲದಲ್ಲಿ ಭೂಮಿ ಮೇಲೆ ಬಸವನಹುಳಾನೇ ಇರ್ಲಿಲ್ಲ. ಇವುಗಳದ್ದೇ ಕಾರುಬಾರು. ನಮ್ಮ ಈ ಸುಣ್ಣಕಲ್ಲಿನ ಗುಡ್ಡ ಇದೆಯಲ್ಲ, ಭದ್ರಾವತಿ ಕಾರ್ಖಾನೆಗೆ ಕಲ್ಲು ಹೋಗುತ್ತಲ್ಲ, ಅದ್ರಲ್ಲೂ ಈ ಗೆರೆ ಇದೆ. ಒಂದು ಕಾಲಕ್ಕೆ ಇಲ್ಲೂ ಸಮುದ್ರ."

ಶಿವಮೊಗ್ಗದಲ್ಲಿ ಸಮುದ್ರ! ಆ ಸಂಜೆ ರೈಲಿನ ಕಿಟಕಿಯಿಂದ ಗದ್ದೆಗಳನ್ನು ನೋಡುತ್ತ ಅಲ್ಲೆಲ್ಲ ಮೊಣಕಾಲುದ್ದ ಉಪ್ಪುನೀರು ತುಂಬಿಸಿದೆ. ಮನೆಗೆ ಹೋಗಿ ಅಜ್ಜಿಗೂ ಹೇಳಿದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆಯೆತ್ತಲೇ ಇಲ್ಲ. "ಕಾಣದ ಹುಳ ಬೆಟ್ಟ ಕಟ್ಟುತ್ತಂತೆ, ಕಾಣೋ ಹುಡುಗಿ ಒಂದು ರೊಟ್ಟಿ ದುಂಡಗೆ ತಟ್ಟಲ್ಲ," ಎಂದಳು.

ತೊಂದರೆ ಶುರುವಾದದ್ದು ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ. ಪ್ರತಿಯೊಬ್ಬರೂ ತಾವೇ ಹೋಗಿ ತಂದ ಒಂದು ಪದರಗಲ್ಲನ್ನು ಒಪ್ಪಿಸಬೇಕು, ಇಲ್ಲದಿದ್ದರೆ ಪಾಸಿಲ್ಲ. ಮೇಷ್ಟ್ರು ಹುಡುಗರನ್ನೆಲ್ಲ ಲಾರಿಯಲ್ಲಿ ಕ್ವಾರಿಗೆ ಕರೆದುಕೊಂಡು ಹೋದರು. ನನಗೆ ಮಾತ್ರ, "ನೀನೊಬ್ಳೇ ಹುಡುಗಿ, ಅದು ಕ್ವಾರಿ, ಜೊತೆಗೆ ಯಾರಾದ್ರೂ ಹೆಂಗಸರಿದ್ರೆ ನೋಡಬಹುದಿತ್ತು," ಎಂದು ನೆಲ ನೋಡಿದರು. ನನಗೆ ಮೈಯೆಲ್ಲ ಉರಿಯಿತು. ಹೋಗಲಿಕ್ಕೂ ಬಿಡುವುದಿಲ್ಲ, ಹೋಗದಿದ್ದರೆ ಪಾಸೂ ಮಾಡುವುದಿಲ್ಲ, ಇದ್ಯಾವ ನ್ಯಾಯ? ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

ಅಪ್ಪನನ್ನು ಕೇಳಿದೆ. ಕಾರ್ಖಾನೆಯಲ್ಲಿ ಸುಣ್ಣಕಲ್ಲು ರಾಶಿ ಬಿದ್ದಿರುತ್ತದೆ, ಅದರಲ್ಲಿ ಗೆರೆ ಗೆರೆ ಇರುವ ಒಂದು ಚೂರು ತಾ ಎಂದೆ. ಅಪ್ಪ ಪಾಪ ಮರೆಯಲಿಲ್ಲ. ಪರೀಕ್ಷೆಯ ಹಿಂದಿನ ಸಂಜೆ ಟಿಫನ್ ಕ್ಯಾರಿಯರಿನಲ್ಲಿ ಒಂದು ಕಲ್ಲು ತಂದ. ಕರ್ರಗೆ, ಗಾಜಿನ ಹಾಗೆ ಹೊಳೆಯುತ್ತ, ಪದರ ಪದರವಾಗಿತ್ತು. ಕಬ್ಬಿಣ ಕರಗಿಸಿದಾಗ ಉಳಿಯುವ ಕಿಟ್ಟ!

"ಸುಣ್ಣಕಲ್ಲು ಬೂದಿ ಬಣ್ಣ, ಚೆನ್ನಾಗಿರ್ಲಿಲ್ಲ," ಎಂದ ಅಪ್ಪ. "ಇದು ನೋಡು, ಹೆಂಗೆ ಮಿಂಚುತ್ತೆ. ಗೆರೇನೂ ಐತೆ."

ಭದ್ರಾವತಿಯಲ್ಲಿ ಹುಟ್ಟಿದವನಿಗೆ ಮಾತ್ರ ಬರುವ ಬುದ್ಧಿ ಅದು. ನಿನ್ನೆ ಮೊನ್ನೆ ಕುಲುಮೆಯಿಂದ ಹೊರಬಿದ್ದದ್ದನ್ನು ಆದಿಕಾಲದ ಕಲ್ಲು ಎಂದು ಒಪ್ಪಿಸಿದರೆ ಮೇಷ್ಟ್ರು ಕಿಟಕಿಯಿಂದ ಎಸೆಯುತ್ತಿದ್ದರು, ಮೊದಲು ಕಲ್ಲನ್ನು, ಆಮೇಲೆ ನನ್ನನ್ನು. ಅಪ್ಪನಿಗೆ ಏನೂ ಹೇಳದೆ ಅಡುಗೆಮನೆ ಬಾಗಿಲಲ್ಲಿ ಕೂತೆ. ಎದುರಿಗೆ ನಡುಮನೆಯ ಕಂಬ.

ಆ ಕಂಬದ ಬಗ್ಗೆ ಹೇಳಬೇಕು. ಎಲೆ ಹಾಕಿಕೊಳ್ಳುವವರು ಬೆರಳಿನಲ್ಲಿ ಮಿಕ್ಕ ಸುಣ್ಣವನ್ನು ಕೈಗೆ ಸಿಕ್ಕಿದ ಕಡೆ ಒರೆಸುತ್ತಾರೆ. ನಮ್ಮ ಸೀಮೆಯ ಬಸ್‌ಸ್ಟ್ಯಾಂಡು, ಕಚೇರಿ, ಛತ್ರ ಯಾವುದರ ಗೋಡೆಯೂ ಇದರಿಂದ ಪಾರಾಗಿಲ್ಲ. ಅಜ್ಜಿ ಮಾತ್ರ ಕಂಡಕಂಡಲ್ಲಿ ಒರೆಸುವವಳಲ್ಲ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಅವಳು ಕೂರುವುದು ಆ ಕಂಬದ ಬುಡದಲ್ಲಿ, ಒರೆಸುವುದು ಕಂಬದ ಒಂದೇ ಜಾಗಕ್ಕೆ. ದಿನಕ್ಕೆ ಏಳೆಂಟು ಸಲ. ಬೆರಳಲ್ಲಿ ಕಾಚಿನ ಕೆಂಪೂ ಇರುತ್ತಿತ್ತು. ಹೀಗೆ ಒರೆಸಿ ಒರೆಸಿ ಅಲ್ಲಿ ಅಂಗೈ ಅಗಲದ ಒಂದು ಬುಗುಟು ಎದ್ದಿತ್ತು. ಮನೆಗೆ ಸುಣ್ಣ ಬಳಿಯಲು ಬಂದವರು ಅದನ್ನು ಕೆರೆಯಲು ಹೋದರೆ ಅಜ್ಜಿ ಅವರ ಕೈ ಮುರಿಯುವುದೊಂದು ಬಾಕಿ.

ಅದರ ಅಂಚು ಒಂದು ಕಡೆ ಚಕ್ಕೆ ಎದ್ದಿತ್ತು. ಒಳಗೆ ಬಿಳಿ, ನಸುಗೆಂಪು, ಬಿಳಿ, ನಸುಗೆಂಪು. ಎಲ್ಲವೂ ಹೊರಕ್ಕೆ ಉಬ್ಬಿಕೊಂಡಿದ್ದವು. ಅದೂ ಸುಣ್ಣ, ಇದೂ ಸುಣ್ಣ. ಅದೂ ಪದರ, ಇದೂ ಪದರ. ಬೆಳಿಗ್ಗೆ ಅಜ್ಜಿ ನಮಾಜಿಗೆ ಕೂತಾಗ ತರಕಾರಿ ಚಾಕು ಹಾಕಿ ಮೀಟಿದೆ. ಬೆಲ್ಲದ ಅಚ್ಚಿನ ಹಾಗೆ ಇಡಿಯಾಗಿ ಕೈಗೆ ಬಂತು. ಬುರ್ಖಾದೊಳಗೆ ಬಚ್ಚಿಟ್ಟುಕೊಂಡು ರೈಲು ಹತ್ತಿದೆ.

ಪ್ರಯೋಗಶಾಲೆಯಲ್ಲಿ ಮೇಷ್ಟ್ರು ಒಬ್ಬೊಬ್ಬರ ಕಲ್ಲನ್ನೂ ನೋಡುತ್ತ ಬಂದರು. ನನ್ನ ಮುಂದೆ ನಿಂತವರು ನಿಂತೇ ಬಿಟ್ಟರು. ಮಸೂರ ಹಿಡಿದು ನೋಡಿದರು. ಅವರ ಕಿವಿ ಕೆಂಪಾಯಿತು.

"ಇದೆಲ್ಲಿ ಸಿಕ್ತು?"

"ಜನ್ನಾಪುರದಲ್ಲಿ ಸಾರ್."

"ಜನ್ನಾಪುರ! ಅಲ್ಲಿ ಸುಣ್ಣಕಲ್ಲು ಇದೆ ಅಂತ ಯಾರೂ ಬರೆದಿಲ್ವಲ್ಲ. ನೆಲದಿಂದ ಎಷ್ಟು ಆಳದಲ್ಲಿತ್ತು?"

"ಆಳ ಇಲ್ಲ ಸಾರ್. ನೆಲದಿಂದ ಎರಡಡಿ ಮೇಲೆ."

ಗಮನಿಸಿ, ನಾನು ಒಂದೂ ಸುಳ್ಳು ಹೇಳಲಿಲ್ಲ. ಮೇಷ್ಟ್ರು ಆ್ಯಸಿಡ್ ಬಾಟಲಿ ತಂದು ಒಂದು ಹನಿ ಬಿಟ್ಟರು. ಬುಸ್ಸೆಂದು ನೊರೆ ಬಂತು. ಬರಲೇಬೇಕು, ಹಳೆಯ ಸುಣ್ಣ ಗಾಳಿ ಕುಡಿದು ಕುಡಿದು ಮತ್ತೆ ಸುಣ್ಣಕಲ್ಲೇ ಆಗಿರುತ್ತದೆ. ಹುಡುಗರೆಲ್ಲ ಸುತ್ತ ನೆರೆದರು. ನನಗಿಂತ ಒಳ್ಳೆಯ ಕಲ್ಲು ಅವರಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ನಾನು ಸೆರಗು ಸರಿಮಾಡಿಕೊಂಡು ನಿಂತೆ. ಪಾಸು ಅಂದುಕೊಂಡೆ.

ಆಗ ಮೇಷ್ಟ್ರು ಆ ಕಲ್ಲಿನ ಇನ್ನೊಂದು ಮಗ್ಗುಲನ್ನು ಬಾಯಿಯ ಹತ್ತಿರ ಒಯ್ದರು.

ಬೇಡ ಸಾರ್ ಎನ್ನಬೇಕಿತ್ತು. ಅವರು ಅಗಲವಾಗಿ, ಶ್ರದ್ಧೆಯಿಂದ ಒಂದು ಸಲ ನೆಕ್ಕಿದರು. ಕಣ್ಣು ಮುಚ್ಚಿದರು. ಮತ್ತೊಂದು ಸಲ ನೆಕ್ಕಿದರು.

"ಮಾರಾಯ್ತಿ," ಎಂದರು ನಿಧಾನಕ್ಕೆ, "ಇದ್ರಲ್ಲಿ ಲವಂಗ ಇದೆ."

ಬಾಯಿ ಚಪ್ಪರಿಸಿದರು.

"ಕಾಚೂ ಇದೆ. ಒಳ್ಳೆ ಕಾಚು. ಹೊಗೆಸೊಪ್ಪೂ ಇದೆಯೋ ಏನೋ."

"ಇಲ್ಲ ಸಾರ್!" ಎಂದುಬಿಟ್ಟೆ. "ನಮ್ಮಜ್ಜಿ ಹೊಗೆಸೊಪ್ಪು ಮುಟ್ಟಲ್ಲ!"

ಅಜ್ಜಿಯ ಮಾನ ಕಾಪಾಡಲು ಹೋಗಿ ನನ್ನ ಮಾನ ಕಳೆದುಕೊಂಡೆ. ಹುಡುಗರು ಮೇಜಿನ ಮೇಲೆ ಬಿದ್ದು ಬಿದ್ದು ನಕ್ಕರು. ಮೇಷ್ಟ್ರ ಮುಖ ಮಾತ್ರ ಬಿಳಿಚಿಕೊಂಡಿತ್ತು. ಮಡಿಯ ಮನೆಯವರು, ಸಾಬರ ಮನೆಯ ಮುದುಕಿ ಬೆರಳು ಒರೆಸಿದ್ದನ್ನು ಎರಡು ಸಲ ನೆಕ್ಕಿದ್ದರು. ಹುಡುಗರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ತೆರೆದಿಟ್ಟು ಕೂತರು. ಆಯನೂರಿನ ಸೈಕಲ್ ಅಂಗಡಿ ಕಣ್ಣಿಗೇ ಬಂತು, ಗಾಲಿ, ಪಂಪು, ಟ್ಯೂಬು ಸಮೇತ.

"ಇದು ಹೇಗಾಯ್ತು, ಹೇಳು," ಎಂದರು.

ನಾನು ಹೇಳಿದೆ. ಕಂಬ, ಬೆರಳು, ದಿನಕ್ಕೆ ಏಳೆಂಟು ಸಲ. ಹೇಳುತ್ತ ಹೇಳುತ್ತ ಹೆದರಿಕೆ ಮರೆತೇಹೋಯಿತು. ಮಸೂರ ತೆಗೆದುಕೊಂಡು ತೋರಿಸಿದೆ. ನೋಡಿ ಸಾರ್, ಇಲ್ಲಿ ಪದರ ದಪ್ಪ, ಇಲ್ಲಿ ಒತ್ತೊತ್ತಾಗಿ ತೆಳ್ಳಗೆ. ಅದು ರಮಜಾನ್, ಹಗಲು ಎಲೆ ಇಲ್ಲ, ಇಫ್ತಾರ್ ಆದ ಮೇಲೆ ಒಂದೇ ಸಲ. ಹೀಗೆ ಒಂದು ರಮಜಾನಿನಿಂದ ಇನ್ನೊಂದಕ್ಕೆ ಒಂದು ವರ್ಷ. ಇಲ್ಲೊಂದು ಕಪ್ಪು ಗೆರೆ ಇದೆ. ಅದು ತಾತ ತೀರಿಕೊಂಡಾಗ. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅಜ್ಜಿ ಎಲೆ ಹಾಕಲಿಲ್ಲ. ಸುಣ್ಣ ಬೀಳದ ಕಡೆ ಒಲೆಯ ಹೊಗೆ ಕೂತಿದೆ.

ಮೇಷ್ಟ್ರು ತುಂಬಾ ಹೊತ್ತು ನೋಡಿದರು. "ಇದು?" ಎಂದು ಕೆಳಗಡೆ ಬೆರಳಿಟ್ಟರು. ಅಲ್ಲೊಂದು ಕಪ್ಪು ಗೆರೆ ಇತ್ತು, ತಾತನದಕ್ಕಿಂತ ದಪ್ಪ.

"ಗೊತ್ತಿಲ್ಲ ಸಾರ್. ನಾನು ಹುಟ್ಟೋಕೆ ಮುಂಚಿನದು."

"ಅಷ್ಟು ಗೊತ್ತಿಲ್ಲ ಅಂತ ಗೊತ್ತಾಯ್ತಲ್ಲ, ಒಳ್ಳೇದು." ಕಲ್ಲನ್ನು ನನ್ನ ಕೈಗಿಟ್ಟರು. "ನಿಮ್ಮಜ್ಜಿ ಇದನ್ನ ಕಟ್ಬೇಕು ಅಂತ ಕಟ್ಲಿಲ್ಲ. ಆ ಜೀವಾಣುಗಳೂ ಅಷ್ಟೆ. ದಿನಾ ಬದುಕಿದ್ವು. ಮಿಕ್ಕಿದ್ದು ಉಳೀತು. ನಾನು ಎರಡು ತಿಂಗಳು ಬೋರ್ಡ್ ಮೇಲೆ ಒದ್ದಾಡಿದ್ದು ಇದೇನೇ." ಆಮೇಲೆ ಗಂಟಲು ಸರಿಮಾಡಿಕೊಂಡು, "ಕಲ್ಲಿಗೆ ಸೊನ್ನೆ. ಮೋಸಕ್ಕೆ ಪಾಸು ಕೊಡಲ್ಲ. ಬರೋ ಭಾನುವಾರ ಕ್ವಾರಿಗೆ ಇನ್ನೊಂದು ಸಲ ಲಾರಿ ಹೋಗುತ್ತೆ. ನೀನೇ ಒಡೆದು ತಂದ್ರೆ ಪಾಸು, ಇಲ್ಲದಿದ್ರೆ ಇಲ್ಲ. ಅಜ್ಜಿನ ಜೊತೇಲಿ ಕರ್ಕೊಂಡು ಬಾ. ಇದನ್ನ ವಾಪಸ್ ಕೊಟ್ಟು ತಪ್ಪಾಯ್ತು ಅನ್ನು."

ಮನೆಯಲ್ಲಿ ಕೋಲಾಹಲ ನಡೆದಿತ್ತು. ಬೆಳಿಗ್ಗೆ ಎಲೆ ಹಾಕಿಕೊಂಡು ಕಂಬಕ್ಕೆ ಬೆರಳು ಒಯ್ದರೆ ಬರೀ ಮರ. ಅಜ್ಜಿ ಮೊದಲು ಇಲಿಗೆ ಬೈದಳು, ಆಮೇಲೆ ಪಕ್ಕದ ಮನೆಯವರಿಗೆ, ಕೊನೆಗೆ ಶೈತಾನನಿಗೆ. ನಾನು ಹೋದಾಗ ಅವಳ ಬೆರಳ ತುದಿಯಲ್ಲಿ ಸುಣ್ಣ ಹಾಗೇ ಒಣಗಿ ನಿಂತಿತ್ತು. ಬೇರೆ ಎಲ್ಲಿ ಒರೆಸಬೇಕೆಂದು ಅವಳಿಗೆ ತೋಚಿರಲಿಲ್ಲ. ಅದನ್ನು ನೋಡಿ ನನಗೆ ನಿಜವಾಗಿ ಕೆಡುಕೆನಿಸಿತು.

ಬುಗುಟನ್ನು ಅವಳ ಮಡಿಲಲ್ಲಿಟ್ಟು ಎಲ್ಲ ಹೇಳಿದೆ.

"ಮಾಟಿಮಿಲಿ!" ಎಂದಳು. "ಕಂಬಾನೂ ಕಿತ್ಕೊಂಡು ಹೋಗ್ಬೇಕಿತ್ತು, ಅದನ್ನ ಯಾಕೆ ಬಿಟ್ಟೆ? ಪರೀಕ್ಷೆ ಹೋಯ್ತು ತಾನೇ? ಹೋಗ್ಲಿ, ಆಯನೂರಿನೋರು ಕಾಯ್ತಾ ಅವ್ರೆ." ಬೈಗುಳ ಮುಗಿಯುವ ತನಕ ಕಾದೆ. ಮೇಷ್ಟ್ರು ನೆಕ್ಕಿದ್ದನ್ನು ಹೇಳಿದಾಗ ಬೈಯುತ್ತಿದ್ದ ಬಾಯಿಗೆ ಸೆರಗು ಹಿಡಿದಳು. ನಗು ತಡೆಯಲಾರದೆ ಅವಳ ಹೆಗಲು ಕುಣಿಯಿತು. ಒಳ್ಳೆ ಕಾಚು ಎಂದರೆಂದಾಗ, "ರುಚಿ ಗೊತ್ತಿರೋ ಮನುಷ್ಯ," ಎಂದಳು.

ನಾನು ಆ ಕೆಳಗಿನ ಕಪ್ಪು ಗೆರೆ ತೋರಿಸಿ ಕೇಳಿದೆ. ಅವಳಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಉಗುರಿನಿಂದ ಪದರಗಳನ್ನು ಸವರಿ ಸವರಿ ಗೆರೆ ಹುಡುಕಿದಳು. ನಗು ನಿಂತಿತು.

"ನಿಮ್ಮತ್ತೇನ ಮದ್ವೆ ಮಾಡಿ ಕಳಿಸಿದ್ ವರ್ಷ," ಎಂದಳು. "ಹದಿಮೂರು ವರ್ಷ ಅವಳಿಗೆ. ಸ್ಕೂಲಲ್ಲಿ ಲೆಕ್ಕ ಮಾಡೋದ್ರಲ್ಲಿ ಮುಂದಿದ್ಲು. ಬಳಪಾನ ಬಟ್ಟೆ ಗಂಟಲ್ಲಿ ಬಚ್ಚಿಟ್ಕೊಂಡು ಹೋದ್ಲು. ಆಗ ನಂಗೆ ಎಲೆ ಕಹಿ ಆಗೋಗಿತ್ತು." ಅಷ್ಟೇ ಹೇಳಿದ್ದು. ಆ ಅತ್ತೆ ಹುಬ್ಬಳ್ಳಿಯಲ್ಲಿ ಮೊಮ್ಮಕ್ಕಳೊಡನೆ ಚೆನ್ನಾಗಿಯೇ ಇದ್ದಳು. ಆದರೂ ಅಜ್ಜಿ ಆ ರಾತ್ರಿ ಊಟ ಮಾಡಲಿಲ್ಲ.

ಭಾನುವಾರ ಅಪ್ಪನಿಗೆ ಮೊದಲನೇ ಪಾಳಿ. ಅವನು ಹೊರಟ ಮೇಲೆ ಅಜ್ಜಿ ಒಳ್ಳೆಯ ಬುರ್ಖಾ ಹಾಕಿಕೊಂಡು, ಎಲೆ ಡಬ್ಬಿ ಕಂಕುಳಲ್ಲಿಟ್ಟುಕೊಂಡು, ಮನೆಗೆ ಬೀಗ ಹಾಕಿದಳು. ಲಾರಿಯ ಮುಂದೆ ಡ್ರೈವರ್ ಪಕ್ಕ ಅವಳು, ಹಿಂದೆ ನಾನು, ಮೇಷ್ಟ್ರು, ಜ್ವರ ಬಂದು ಮೊದಲ ಸಲ ತಪ್ಪಿಸಿಕೊಂಡಿದ್ದ ಇಬ್ಬರು ಹುಡುಗರು. ಕ್ವಾರಿಯಲ್ಲಿ ಇಳಿದ ಕೂಡಲೇ ಅವಳು ಒಂದು ಬಂಡೆಯ ಮೇಲೆ ಕೂತು ಎಲೆ ಮಡಿಸಿ ಮೇಷ್ಟ್ರ ಕಡೆ ಚಾಚಿದಳು. ಮೇಷ್ಟ್ರು ಒಂದು ಕ್ಷಣ ತಡೆದರು. ಆಮೇಲೆ, "ಹೇಗೂ ನಿಮ್ಮನೆ ಸುಣ್ಣ ಒಂದ್ಸಲ ತಿಂದಾಗಿದೆಯಲ್ಲಮ್ಮ," ಎಂದು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು.

ಗೆರೆಗಳಿದ್ದ ಕಲ್ಲು ಎರಡಾಳು ಎತ್ತರದ ಅಂಚಿನ ಮೇಲಿತ್ತು. ನಾನು ಸೆರಗು ಸಿಕ್ಕಿಸಿ ಸುತ್ತಿಗೆ ಹಿಡಿದಾಗ ಕ್ವಾರಿಯ ತಮಿಳು ಮೇಸ್ತ್ರಿ ಓಡಿ ಬಂದ. "ಬೇಡಮ್ಮ, ಪೊಣ್ಣುಂಗೆಲ್ಲಾ, ಹೆಣ್ಮಕ್ಳು ಮೇಲೆ ಹತ್ಬಾರ್ದು. ಬೇಕಾದ್ರೆ ನಾನೇ ಒಡ್ದು ಕೊಡ್ತೀನಿ."

ಮೇಷ್ಟ್ರು ಅಜ್ಜಿಯ ಮುಖ ನೋಡಿದರು. ನಾನೂ ನೋಡಿದೆ. ಅವಳು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ನೀನು ಒಡೆದ್ರೆ ನೀನು ಪಾಸಾಗ್ತೀಯ," ಎಂದು ಅಜ್ಜಿ ಮೇಸ್ತ್ರಿಗೆ ಹೇಳಿ ನನ್ನ ಕಡೆ ತಿರುಗಿದಳು. "ಹತ್ತೇ, ಹತ್ತು. ನಾನು ಕೆಳಗೆ ನಿಂತಿರ್ತೀನಿ."

ಹತ್ತಿದೆ. ಮೊದಲ ಏಟು ನನ್ನ ಹೆಬ್ಬೆರಳಿಗೇ ಬಿತ್ತು. ಎರಡನೆಯದು ಗಾಳಿಗೆ. ಆಮೇಲೆ ಕಲ್ಲು ಒಪ್ಪಿಕೊಂಡಿತು. ಕೈಯಲ್ಲಿ ಬಂದ ಚೂರಿನಲ್ಲಿ ಬೂದು, ಬಿಳಿ, ಬೂದು, ಎಲ್ಲವೂ ಬಿಸಿಲಿನ ಕಡೆಗೆ ಉಬ್ಬಿಕೊಂಡಿದ್ದವು. ಯಾವುದೋ ಉಪ್ಪುನೀರಿನಲ್ಲಿ, ನೋಡುವವರು ಯಾರೂ ಇಲ್ಲದಾಗ, ಅವು ದಿನಾ ಒಂದೊಂದು ಮೆಟ್ಟಿಲು ಹತ್ತಿದ್ದವು. ನಾನು ಮೇಲೇ ಕೂತು ಅತ್ತುಬಿಟ್ಟೆ, ನಕ್ಕೆ. ಆಮೇಲೆ ಯಾರೂ ನೋಡದಂತೆ ಒಂದು ಸಲ ನೆಕ್ಕಿದೆ. ಬರೀ ಕಲ್ಲಿನ ರುಚಿ.

ವಾಪಸು ಬರುವಾಗ ಮೇಷ್ಟ್ರು ಮುಂದೆ ಕೂತರು. ಅಜ್ಜಿ ನನ್ನ ಪಕ್ಕ ಹಿಂದೆ ಕೂರುತ್ತೇನೆಂದು ಹಟ ಹಿಡಿದು ಹತ್ತಿದಳು. ಜನ್ನಾಪುರ ಹತ್ತಿರ ಬಂದಾಗ ಬಿಸಿಲಿನ ಕಡೆ ಮುಖ ಮಾಡಿ, "ಹೊತ್ತೆಷ್ಟಾಯ್ತು?" ಎಂದಳು.

"ನಾಲ್ಕಾಗಿರಬೇಕು."

"ಹಾಗಾದ್ರೆ ಹೋಗಿರ್ತಾರೆ."

"ಯಾರು?"

"ಆಯನೂರಿನೋರು. ಇವತ್ತು ಹನ್ನೊಂದು ಗಂಟೆಗೆ ಹುಡುಗಿ ನೋಡೋಕೆ ಬನ್ನಿ ಅಂತ ನಾನೇ ಹೇಳಿ ಕಳಿಸಿದ್ದೆ. ಬಂದು ಬೀಗ ನೋಡ್ಕೊಂಡು ಹೋಗಿರ್ತಾರೆ. ಮಾನ ಇರೋ ಜನ, ಇನ್ನು ಈ ಕಡೆ ತಲೆ ಹಾಕಲ್ಲ."

ಅಷ್ಟು ಹೊತ್ತಿಗೆ ಅಪ್ಪ ಪಾಳಿ ಮುಗಿಸಿ ಬಂದು ಜಗಲಿಯ ಮೇಲೆ ಕೂತಿರುತ್ತಾನೆ, ಅಕ್ಕಪಕ್ಕದವರು ಅವನಿಗೆ ಎಲ್ಲ ಊದಿರುತ್ತಾರೆ. "ಅಪ್ಪನಿಗೆ ಏನ್ ಹೇಳೋದು ಈಗ?" ಎಂದೆ.

"ನೀನು ಪಾಸ್ ಮಾಡು," ಎಂದಳು ಅಜ್ಜಿ. "ಸುಳ್ಳು ಹೇಳೋ ಕೆಲ್ಸ ನಂದು."

ಆ ವರ್ಷ ನಾವಿಬ್ಬರೂ ನಮ್ಮ ನಮ್ಮ ಕೆಲಸ ಮಾಡಿದೆವು.